ಇಬ್ಬರೂ ಬ್ಯಾಡ ಅನಿಸಿದಾಗ ವೋಟು ಯಾರಿಗೆ?

(ದರಿಬಡಚಿಯಲ್ಲಿ ಗಡಿಭಾಗದ ಯುವಕ ಯುವತಿಯರ ಮುಂದೆ ಆಡಿದ ಮಾತುಗಳ ಬರಹರೂಪ)

 

ಲೋಕಸಭಾ ಚುನಾವಣೆ ಬಂದಾಗೆಲ್ಲ ನಿಮ್ಮ ವಯಸ್ಸಿನವರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ. "ಅಣ್ಣಾ, ಈ ಕಡೆ ನಾಯಕನೂ ಮನಸ್ಸಿಗೆ ಬರೂದಿಲ್ಲ, ಆ ಕಡೆ ನಾಯಕನೂ ಬರೂದಿಲ್ಲ. ಯಾರಿಗಿ ಹಾಕೂಣು?" ಅತ್ತ ದರಿ, ಇತ್ತ ಪುಲಿ ಅಂತಾರಲ್ಲ, ಹಾಗೆ. ನಮ್ಮೂರ ಹೆಸರಿನಲ್ಲೇ ದರಿ ಇದೆ, ಇದು ನಮಗೆ ಹೊಸದೇನಲ್ಲ! ಕೆಲವರಂತೂ ಕೇಳೂದೂ ಇಲ್ಲ, ಸುಮ್ಮನೆ ಮನೆಯಲ್ಲಿ ಕೂತುಬಿಡ್ತಾರೆ. ಇವತ್ತು ಅದನ್ನೇ ಮಾತಾಡೋಣ. ಯಾವ ಪಕ್ಷಕ್ಕೆ ಹಾಕ್ರಿ ಅಂತ ನಾವು ಹೇಳೋದಿಲ್ಲ. ಹೆಂಗ ವಿಚಾರ ಮಾಡಬೇಕು ಅನ್ನೋದಷ್ಟೇ ನಮ್ಮ ಮಾತು.

ಮೊದಲು ಒಂದು ಸಂಗತಿ ನೆನಪಿಡ್ರಿ. 2024ರ ಮೇ 7ರಂದು ನಮ್ಮ ಮತಗಟ್ಟೆಯ ಯಂತ್ರದ ಮೇಲೆ ನರೇಂದ್ರ ಮೋದಿಯವರ ಹೆಸರೂ ಇರಲಿಲ್ಲ, ರಾಹುಲ್ ಗಾಂಧಿಯವರ ಹೆಸರೂ ಇರಲಿಲ್ಲ. ಇದ್ದದ್ದು ಸಾಂಗಲಿ ಕ್ಷೇತ್ರದ ಅಭ್ಯರ್ಥಿಗಳ ಹೆಸರು. ನಾವು ಆರಿಸೋದು 543 ಸಂಸದರಲ್ಲಿ ಒಬ್ಬರನ್ನ. ಬಹುಮತ ಯಾರ ಬೆನ್ನಿಗಿದೆಯೋ ಅವರು ಪ್ರಧಾನಿ ಆಗ್ತಾರೆ. ಹಂಗಂತ ನಾಯಕ ಯಾರಾದರೇನು ಅನ್ನುವಂತಿಲ್ಲ, ನಮ್ಮ ಸಂಸದ ಸದನದಲ್ಲಿ ಕೈ ಎತ್ತೋದು ಅವರ ಪರವಾಗಿಯೇ. ಆದರೆ ಟಿವಿ, ಮೊಬೈಲು ನೋಡಿ ನೋಡಿ ನಾವು ದಿಲ್ಲಿಯ ಎರಡು ಮುಖಗಳ ಬಗ್ಗೆಯೇ ಜಗಳಾಡ್ತೀವಿ. ನಮ್ಮೂರಿಗೆ ಬಂದು ಕೈ ಮುಗಿಯೋ ಅಭ್ಯರ್ಥಿಗೆ ಒಂದು ಪ್ರಶ್ನೆ ಕೇಳೋದು ಮರೆತೇ ಹೋಗ್ತದೆ.

ನಮ್ಮ ಸಾಂಗಲಿಯಲ್ಲೇ ಏನಾಯ್ತು ನೋಡ್ರಿ. ಒಂದು ಕೂಟದಿಂದ ಬಿಜೆಪಿಯ ಸಂಜಯಕಾಕಾ ಪಾಟೀಲ, 2014 ಮತ್ತು 2019ರಲ್ಲಿ ಗೆದ್ದಿದ್ದವರು. ಇನ್ನೊಂದು ಕೂಟದಿಂದ ಉದ್ಧವ ಠಾಕ್ರೆಯವರ ಶಿವಸೇನೆಯ ಪೈಲ್ವಾನ ಚಂದ್ರಹಾರ ಪಾಟೀಲ. ಆ ಕೂಟದೊಳಗೆ ಸೀಟು ತಮಗೆ ಸಿಗಲಿಲ್ಲ ಅಂತ ಕಾಂಗ್ರೆಸ್ ಕಾರ್ಯಕರ್ತರು ಸಿಟ್ಟಾಗಿದ್ದರು. ವಸಂತದಾದಾ ಪಾಟೀಲರ ಮೊಮ್ಮಗ ವಿಶಾಲ ಪಾಟೀಲ ಪಕ್ಷೇತರರಾಗಿ ಲಕೋಟೆ ಚಿಹ್ನೆ ಹಿಡಿದು ನಿಂತರು. ಜನ ಎರಡೂ ಕೂಟಗಳನ್ನು ಬದಿಗಿಟ್ಟು ಅವರನ್ನು ಒಂದು ಲಕ್ಷಕ್ಕಿಂತ ಹೆಚ್ಚು ಅಂತರದಿಂದ ಗೆಲ್ಲಿಸಿದರು. ದೇಶದ ದೊಡ್ಡ ನಾಯಕರ ಹೆಸರಿನಲ್ಲಿ ನಡೆದ ಚುನಾವಣೆಯಲ್ಲಿ ಸಾಂಗಲಿಯವರು ಮೂರನೇ ದಾರಿ ಹಿಡಿದರು.

ಇದರಿಂದ ಪಾಠ ಕಲಿಯೋಣ, ಆದರೆ ಮರುಳಾಗೋದು ಬ್ಯಾಡ. ಮೂರನೆಯವರು ಬಂದದ್ದೂ ಹಳೇ ರಾಜಕೀಯ ಮನೆತನದಿಂದಲೇ. ಗೆದ್ದ ಕೆಲವೇ ದಿನಗಳಲ್ಲಿ ಅವರು ಕಾಂಗ್ರೆಸ್ಸಿಗೆ ಬೆಂಬಲದ ಪತ್ರ ಕೊಟ್ಟರು. ಪಕ್ಷೇತರರಾಗಿ ಗೆದ್ದವರು ಒಂದು ಪಕ್ಷ ಸೇರಿದರೆ ಪಕ್ಷಾಂತರ ಕಾಯ್ದೆಯಲ್ಲಿ ಸದಸ್ಯತ್ವ ಹೋಗ್ತದೆ, ಹೊರಗಿನಿಂದ ಬೆಂಬಲ ಕೊಡಬಹುದು. ಅಂದರೆ ಮೂರನೇ ದಾರಿಯೂ ಕೊನೆಗೆ ಎರಡರಲ್ಲಿ ಒಂದನ್ನ ಕೂಡಿಕೊಳ್ತದೆ. ಅದರಲ್ಲಿ ತಪ್ಪೇನಿಲ್ಲ, ವೋಟು ಹಾಕುವಾಗ ಗೊತ್ತಿರಬೇಕು, ಅಷ್ಟೇ. ಮತ್ತೆ, ಇಂಥ ಮೂರನೆಯವರು ಪ್ರತಿ ಸಲ ಸಿಗ್ತಾರೆ ಅಂತನೂ ಇಲ್ಲ.

ಹಂಗಾದ್ರ ನೋಟಾ ಒತ್ತೂಣು ಅಂತೀರಿ. 2013ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆ ಗುಂಡಿ ಬಂತು. ಯಾರೂ ಬ್ಯಾಡ ಅನ್ನೋದನ್ನ ಗುಟ್ಟಾಗಿ ಹೇಳೋ ಹಕ್ಕು ಅದು, ಅದನ್ನ ನಾವು ಹೀಗಳೆಯೋದಿಲ್ಲ. ಆದರೆ ಅದರ ಲೆಕ್ಕ ತಿಳ್ಕೊಳ್ರಿ. 2019ರಲ್ಲಿ ನಮ್ಮ ರಾಜ್ಯದ ಲಾತೂರ ಗ್ರಾಮೀಣ ವಿಧಾನಸಭಾ ಕ್ಷೇತ್ರದಲ್ಲಿ ನೋಟಾ ಎರಡನೇ ಸ್ಥಾನಕ್ಕೆ ಬಂತು. 2024ರಲ್ಲಿ ಇಂದೋರ್ ಲೋಕಸಭಾ ಕ್ಷೇತ್ರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ನೋಟಾ ಬಿದ್ದವು. ಎರಡೂ ಕಡೆ ಗೆಲ್ಲುವವರು ಗೆದ್ದೇ ಗೆದ್ದರು. ಲೋಕಸಭೆಗೆ ನೋಟಾ ಎಷ್ಟೇ ಬಿದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ವೋಟು ಪಡೆದವರೇ ಸಂಸದರು. ನೋಟಾ ನಮ್ಮ ಸಿಟ್ಟನ್ನ ಎಣಿಸ್ತದೆ. ಸಿಟ್ಟು ಯಾಕೆ ಬಂತು ಅನ್ನೋದನ್ನ ಹೇಳೋದಿಲ್ಲ. ಕನ್ನಡ ಶಾಲೆಗೆ ಮಾಸ್ತರ ಇಲ್ಲ ಅಂತ ಒತ್ತಿದಿರೋ, ಬಿಸಿಲಿಗೆ ತಲೆ ಕೆಟ್ಟು ಒತ್ತಿದಿರೋ, ಎಣಿಸೋರಿಗೆ ಎರಡೂ ಒಂದೇ.

ಇದು ನಮ್ಮಲ್ಲಷ್ಟೇ ಇರುವ ಕಥೆ ಅಂತ ತಿಳೀಬ್ಯಾಡ್ರಿ. 2016ರಲ್ಲಿ ಅಮೆರಿಕದವರಿಗೆ ಟ್ರಂಪ್ ಮತ್ತು ಹಿಲರಿ ಕ್ಲಿಂಟನ್ ಇಬ್ಬರಲ್ಲಿ ಒಬ್ಬರನ್ನ ಆರಿಸಬೇಕಿತ್ತು. ಬಹಳ ಮಂದಿಗೆ ಇಬ್ಬರೂ ಬೇಡವಾಗಿದ್ದರು. ಮಿಷಿಗನ್ ರಾಜ್ಯದಲ್ಲಿ ಸುಮಾರು 75 ಸಾವಿರ ಮಂದಿ ಮತಗಟ್ಟೆಗೆ ಹೋಗಿಯೂ ಅಧ್ಯಕ್ಷರ ಜಾಗ ಖಾಲಿ ಬಿಟ್ಟು ಬಂದರು. ಅಲ್ಲಿ ಗೆಲುವಿನ ಅಂತರ 10,704. ಖಾಲಿ ಬಿಟ್ಟವರು ಸೋಲಿಸಿದ್ದು ಯಾರನ್ನ, ಗೆಲ್ಲಿಸಿದ್ದು ಯಾರನ್ನ? ಅವರಿಗೇ ಗೊತ್ತಿಲ್ಲ. ಅವರ ಬದಲು ಬೇರೆಯವರು ತೀರ್ಮಾನ ಮಾಡಿದರು.

ಹಂಗಾದ್ರ ಏನು ಮಾಡಬೇಕು? ವೋಟು ಅಂದರೆ ಆಳು ಹಿಡಿದ ಹಾಗೆ. ಹೊಲಕ್ಕೆ ಆಳು ಹಿಡಿಯುವಾಗ ಮಾರಿ ಚೆಂದ ಐತೇನು ಅಂತ ನೋಡ್ತೀವೇನ್ರಿ? ಏನು ಕೆಲಸ ಮಾಡ್ತಿ ಅಂತ ಕೇಳ್ತೀವಿ. ನಾಯಕ ಮನಸ್ಸಿಗೆ ಬರದಿದ್ದರೂ ಕೆಲಸ ಹೇಳಬಹುದು, ಲೆಕ್ಕ ಕೇಳಬಹುದು.

ನಮ್ಮ ತಾಲೂಕೇ ಇದಕ್ಕೆ ಸಾಕ್ಷಿ. 2012ರಲ್ಲಿ ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗ್ತೀವಿ ಅಂತ ಜತ್ತ ತಾಲೂಕಿನ ಸುಮಾರು 40 ಹಳ್ಳಿಗಳು ಠರಾವು ಮಾಡಿದವು. ಹತ್ತು ವರ್ಷ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2022ರ ನವೆಂಬರಿನಲ್ಲಿ ಬಸವರಾಜ ಬೊಮ್ಮಾಯಿಯವರು ಆ ಠರಾವಿನ ಮಾತು ಎತ್ತಿದ ಕೂಡಲೇ ಮುಂಬೈಯಲ್ಲಿ ವಿಸ್ತರಿತ ಮ್ಹೈಸಾಳ ನೀರಾವರಿ ಯೋಜನೆಯ ಕಡತ ಓಡತೊಡಗಿತು. ಆಗ ಯಾವ ನಾಯಕರ ಮೇಲೂ ನಮಗೆ ಪ್ರೀತಿ ಉಕ್ಕಿರಲಿಲ್ಲ. 40 ಹಳ್ಳಿ ಕೂಡಿ ಒಂದೇ ಮಾತು ಬರೆದಿಟ್ಟಿದ್ದವು, ಅದು ಕೆಲಸ ಮಾಡಿತು.

ಕನ್ನಡ ಶಾಲೆಯ ಮಾತು ಸಂಸದರಿಗೆ ಸಂಬಂಧ ಇಲ್ಲ, ಜಿಲ್ಲಾ ಪರಿಷತ್ತಿನದು ಅಂತ ಹೇಳಿ ಕಳಿಸ್ತಾರೆ. ಒಪ್ಪಬ್ಯಾಡ್ರಿ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಅನ್ನುತ್ತದೆ ಸಂವಿಧಾನದ 350ಎ ವಿಧಿ. ಅದಕ್ಕಾಗಿ ರಾಜ್ಯಕ್ಕೆ ನಿರ್ದೇಶನ ಕೊಡುವ ಅಧಿಕಾರ ರಾಷ್ಟ್ರಪತಿಗಳಿಗಿದೆ. 350ಬಿ ವಿಧಿಯ ಪ್ರಕಾರ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ವರದಿಯನ್ನು ಸಂಸತ್ತಿನ ಎರಡೂ ಸದನಗಳ ಮುಂದೆ ಇಡಬೇಕು. ಸದನದಲ್ಲಿ ಕೂಡೋರು ಸಂಸದರೇ ಅಲ್ಲೇನ್ರಿ? 2024ರಲ್ಲಿ ನಮ್ಮ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರು ಬಂದರು. ಆ ಮಾತು ದಿಲ್ಲಿಯಲ್ಲಿ ಎತ್ತೋರು ಯಾರು?

ಅದಕ್ಕೆ ಮುಂದಿನ ಸಲ ಮತ ಕೇಳಲು ಬಂದ ಪ್ರತಿಯೊಬ್ಬರಿಗೂ ಮೂರೇ ಪ್ರಶ್ನೆ ಕೇಳ್ರಿ. ನಮ್ಮ ಕನ್ನಡ ಶಾಲೆಗೆ ಕನ್ನಡ ಓದಿದ ಶಿಕ್ಷಕರ ವಿಷಯ ಸಂಸತ್ತಿನಲ್ಲಿ ಎತ್ತುತ್ತೀರೋ ಇಲ್ಲವೋ? ಕೊನೆಯ ಹಳ್ಳಿಯ ಕೆರೆಗೆ ನೀರು ಯಾವಾಗ? ಐದು ವರ್ಷದಲ್ಲಿ ನಮ್ಮ ಕಡೆ ಎಷ್ಟು ಸಲ ಬರ್ತೀರಿ? ಉತ್ತರ ಬರೆದುಕೊಳ್ರಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ರಿ. ಇಬ್ಬರಲ್ಲಿ ಯಾರ ಉತ್ತರ ಸ್ವಲ್ಪವಾದರೂ ಗಟ್ಟಿ ಇದೆಯೋ ಅವರಿಗೆ ಹಾಕ್ರಿ. ಯಾರೂ ಉತ್ತರವನ್ನೇ ಕೊಡಲಿಲ್ಲ ಅಂದರೆ ಆಗ ನೋಟಾ ಒತ್ರಿ, ಯಾಕೆ ಒತ್ತಿದಿರಿ ಅಂತ ಊರೆಲ್ಲ ಸಹಿ ಮಾಡಿ ಪತ್ರ ಬರೀರಿ.

ಮಹಾರಾಷ್ಟ್ರದ ವಿಧಾನಸಭೆಯಲ್ಲಿ 288 ಕ್ಷೇತ್ರ, ಜತ್ತ ಕ್ಷೇತ್ರದ ಸಂಖ್ಯೆಯೂ 288. ಪಟ್ಟಿಯಲ್ಲಿ ಕೊನೆಯವರು ನಾವು. ವೋಟಿನ ದಿನ ಮನೆಯಲ್ಲಿ ಕೂತರೆ ಪಟ್ಟಿಯಿಂದಲೇ ಹೊರಗೆ ಬೀಳ್ತೀವಿ. ಹದಿನೆಂಟು ತುಂಬಿದವರು ಇವತ್ತೇ ನಮೂನೆ 6 ತುಂಬ್ರಿ. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖು ಅಂತ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕ ಇವೆ. ಅರ್ಜಿ ತುಂಬಲು ಬಾರದ ಅವ್ವ, ಆಯಿ, ಮುತ್ಯಾನ ಹೆಸರು ಪಟ್ಟಿಯಲ್ಲಿ ಇದೆಯೋ ಇಲ್ಲವೋ ನೀವೇ ನೋಡ್ರಿ. ಕಬ್ಬು ಕಡಿಯಲು ಹೋದವರಿಗೆ ಫೋನ್ ಹಚ್ಚಿ ಹೇಳ್ರಿ.

ಇಷ್ಟು ಮಾಡಿದರೆ ಮುಂದಿನ ಸಲ ಅವರು ನಮ್ಮೂರಿಗೆ ಬರುವಾಗ ಉತ್ತರ ತಯಾರು ಮಾಡಿಕೊಂಡು ಬರ್ತಾರೆ.