ಕ್ಲೌಡ್ ಸಂಗ್ರಹದಲ್ಲಿ ದಾಖಲೆಗಳ ಭದ್ರತೆ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಆಸ್ತಿಯ ನಮೂನೆ 9 ಮತ್ತು 11 ಇಂದು ಗಣಕದಿಂದಲೇ ದೊರೆಯುತ್ತವೆ. ಕಾಗದದ ವಹಿ ಯಾವ ಬೀರುವಿನಲ್ಲಿದೆ, ಬೀಗದ ಕೈ ಯಾರಲ್ಲಿದೆ ಎಂಬುದು ಹಿಂದೆ ಎಲ್ಲರಿಗೂ ತಿಳಿದಿರುತ್ತಿತ್ತು. ದಾಖಲೆ ದೂರದ ದತ್ತಾಂಶ ಕೇಂದ್ರಕ್ಕೆ ಹೋದ ಮೇಲೂ ಆ ಎರಡು ಪ್ರಶ್ನೆಗಳು ಉಳಿದೇ ಇವೆ. ಅವುಗಳನ್ನು ಅರಿಯಲು ಒಂದು ಮುಕ್ತ ತಂತ್ರಾಂಶದ ಉದಾಹರಣೆ ನೆರವಾಗುತ್ತದೆ.

ಗ್ಲಸ್ಟರ್‌ಎಫ್‌ಎಸ್ ಎಂಬುದು ಹಲವು ಸಾಮಾನ್ಯ ಸರ್ವರ್‌ಗಳ ಡಿಸ್ಕ್‌ಗಳನ್ನು ಜೋಡಿಸಿ ಒಂದೇ ದೊಡ್ಡ ಸಂಗ್ರಹವಾಗಿ ತೋರಿಸುವ ವಿತರಿತ ಕಡತ ವ್ಯವಸ್ಥೆ. ಇದರ ಅಭಿವೃದ್ಧಿಯಲ್ಲಿ ಬೆಂಗಳೂರಿನ ತಂತ್ರಜ್ಞರ ಪಾಲೂ ಇದೆ. ಇದನ್ನು ರೂಪಿಸಿದ ಕಂಪನಿಯನ್ನು 2011ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯು ಕೊಂಡಿತು. ಒಂದೇ ಕಡತದ ಪ್ರತಿಗಳನ್ನು ಬೇರೆ ಬೇರೆ ಸರ್ವರ್‌ಗಳಲ್ಲಿ ಇರಿಸಿದರೆ, ಒಂದು ಕೆಟ್ಟಾಗಲೂ ಕೆಲಸ ನಿಲ್ಲದು. ಕೆಟ್ಟ ಸರ್ವರ್ ಮರಳಿದಾಗ ಉಳಿದ ಪ್ರತಿಯನ್ನು ನೋಡಿ ಸರಿಪಡಿಸಿಕೊಳ್ಳುತ್ತದೆ. ಆದರೆ ಪ್ರತಿಗಳು ಎರಡೇ ಇದ್ದು, ಸಂಪರ್ಕ ಕಡಿದಾಗ ಎರಡರಲ್ಲಿಯೂ ಬೇರೆ ಬೇರೆ ತಿದ್ದುಪಡಿಯಾದರೆ, ಯಾವುದು ಸರಿಯೆಂದು ಯಂತ್ರ ತಾನಾಗಿ ನಿರ್ಣಯಿಸಲಾರದು. ಆದ್ದರಿಂದ ಮೂರನೆಯ ಸಾಕ್ಷಿ ಬೇಕು.

ಈ ವ್ಯವಸ್ಥೆ ಮೊದಲು ಒಂದೇ ಸಂಸ್ಥೆಯ ಒಳಗಿನ ಬಳಕೆಗೆ ತಕ್ಕಂತಿತ್ತು. ಪರಸ್ಪರ ಪರಿಚಯವಿಲ್ಲದ ಅನೇಕರು ಹಂಚಿಕೊಳ್ಳುವ ಕ್ಲೌಡ್‌ಗೆ ಅದನ್ನು ಒಗ್ಗಿಸುವಾಗ ತೊಡಕು ಎದುರಾಯಿತು. ಆಸ್ತಿ ಸಂಖ್ಯೆ 45 ಎರಡು ಗ್ರಾಮಗಳಲ್ಲಿಯೂ ಇರಬಹುದು. ಗ್ರಾಮದ ಹೆಸರಿಲ್ಲದೆ ಬರೀ ಸಂಖ್ಯೆಯಿಂದ ಮಾಲೀಕರನ್ನು ಗುರುತಿಸಲಾಗದು. ಹಾಗೆಯೇ ಎರಡು ಸಂಸ್ಥೆಗಳ ಬಳಕೆದಾರರಿಗೆ ಒಂದೇ ಗುರುತು ಸಂಖ್ಯೆಯಿದ್ದರೆ ಒಬ್ಬರ ಕಡತ ಇನ್ನೊಬ್ಬರಿಗೆ ತೆರೆಯಬಹುದು. ಇದರ ನಿವಾರಣೆಗಾಗಿ ಮೊದಲು ಕ್ಲೌಡ್‌ಎಫ್‌ಎಸ್ ಎಂದೂ ಬಳಿಕ ಹೆಕಾಎಫ್‌ಎಸ್ ಎಂದೂ ಕರೆಯಲಾದ ಯೋಜನೆ ಮೂಡಿತು. ಮೂಲವನ್ನು ಕೆಡವದೆ ಅದಕ್ಕೆ ಹೊಸ ಪದರಗಳನ್ನು ಸೇರಿಸುವುದೇ ಅದರ ಕ್ರಮ: ಪ್ರತಿ ಸಂಸ್ಥೆಗೂ ಪ್ರತ್ಯೇಕ ಸಂಗ್ರಹ, ಗುರುತು ಸಂಖ್ಯೆಗಳ ಬೇರ್ಪಡಿಕೆ, ಬಳಕೆದಾರರ ಯಂತ್ರದಿಂದ ಹೊರಡುವ ಮೊದಲೇ ದಾಖಲೆಯನ್ನು ಗೂಢಲಿಪಿಗೆ ತಿರುಗಿಸುವ ಏರ್ಪಾಡು. ಗೂಢಲಿಪಿಯ ಕೀಲಿ ದಾಖಲೆಯ ಒಡೆಯರಲ್ಲಿಯೇ ಉಳಿದರೆ ಸಂಗ್ರಹ ನಡೆಸುವವರೂ ಅದನ್ನು ಓದಲಾರರು; ಕೀಲಿ ಕಳೆದರೆ ಒಡೆಯರೂ ಓದಲಾರರು.

ಇಷ್ಟಾದರೂ ಒಂದು ಅಪಾಯ ಉಳಿಯುತ್ತದೆ. ತಪ್ಪಾಗಿ ಅಳಿಸಿದ ನಮೂದು ಎಲ್ಲ ಪ್ರತಿಗಳಿಂದಲೂ ಅಳಿದುಹೋಗುತ್ತದೆ. ಹಲವು ಪ್ರತಿಗಳು ಯಂತ್ರದ ಕೆಡುಕಿಗೆ ಮದ್ದೇ ಹೊರತು ಮನುಷ್ಯನ ತಪ್ಪಿಗಲ್ಲ. ಹಿಂದಿನ ದಿನಾಂಕದ ಬ್ಯಾಕಪ್ ಪ್ರತ್ಯೇಕವಾಗಿ ಇರಲೇಬೇಕು.

ಪಂಚಾಯತಿಯ ದಾಖಲೆ ಯಾವ ತಂತ್ರಾಂಶದಲ್ಲಿಯೇ ಇರಲಿ, ಸದಸ್ಯರು ಸಾಮಾನ್ಯ ಸಭೆಯಲ್ಲಿ ಈ ನಾಲ್ಕು ಪ್ರಶ್ನೆಗಳನ್ನು ಎತ್ತಿ, ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳ ಮೂಲಕ ಉತ್ತರ ಪಡೆಯುವುದು ಉಚಿತ:

1. ದಾಖಲೆಯ ಪ್ರತಿಗಳು ಎಷ್ಟು, ಎಲ್ಲಿವೆ?
2. ಅವುಗಳನ್ನು ತೆರೆಯುವ ಅಧಿಕಾರ ಮತ್ತು ಕೀಲಿ ಯಾರಲ್ಲಿದೆ?
3. ಕೊನೆಯ ಬ್ಯಾಕಪ್ ಯಾವ ದಿನಾಂಕದ್ದು?
4. ಆ ಬ್ಯಾಕಪ್‌ನಿಂದ ದಾಖಲೆಯನ್ನು ಮರಳಿ ಪಡೆದು ಪರೀಕ್ಷಿಸಲಾಗಿದೆಯೇ?

ಆಸ್ತಿ ವಹಿಯ ಒಂದು ಸಾಲು ಕಳೆದರೆ ಸಾಲಕ್ಕೂ ಮಾರಾಟಕ್ಕೂ ವಾರಸಾ ಖಾತೆಗೂ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದವರು ಗ್ರಾಮದ ಜನರೇ. ಅವರ ಪರವಾಗಿ ಈ ಪ್ರಶ್ನೆಗಳನ್ನು ಕೇಳುವ ಹೊಣೆ ಸದಸ್ಯರದು.