ದುಡಿಯುವವರ ಮನಸ್ಸಿನ ಆರೋಗ್ಯ



1880ರಲ್ಲಿ ಜಾನ್ ಟೇಲರ್ ಕಂಪನಿ ಕೈಗೆತ್ತಿಕೊಂಡ ನಮ್ಮ ಕೆ.ಜಿ.ಎಫ್.ನ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಸಂಬಳದ ಜೊತೆಗೆ ಗಣಿಯನ್ನೇ ನಂಬಿದ್ದ ಆಸ್ಪತ್ರೆ, ಪಾಳಿಗೆ ಹೊಂದಿಕೊಂಡಿದ್ದ ದಿನಚರಿ ಎಲ್ಲವೂ ಅಲುಗಾಡಿದವು. ಪರಿಹಾರದ ಲೆಕ್ಕ ಎಲ್ಲರೂ ಕೇಳಿದರು. ಮನೆಯಲ್ಲಿ ಸುಮ್ಮನೆ ಕುಳಿತ ಯಜಮಾನನ ಮನಸ್ಸು ಹೇಗಿದೆ ಎಂದು ಕೇಳಿದವರು ಕಡಿಮೆ.

ಇಂದು ಮಾರಿಕುಪ್ಪಂ, ಬಂಗಾರಪೇಟೆಯಿಂದ ನಮ್ಮ ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಅವರಲ್ಲಿ ಸಿಡುಕು, ನಿದ್ರಾಹೀನತೆ ಕಂಡಾಗ ನಾವು ಬೈಯುತ್ತೇವೆಯೇ ಹೊರತು ಕಾಯಿಲೆಯಿರಬಹುದು ಎಂದು ಯೋಚಿಸುವುದಿಲ್ಲ.

1940ರ ದಶಕದಲ್ಲಿ ಅಮೆರಿಕದ ಕೆಲವು ಕಂಪನಿಗಳು ಕುಡಿತಕ್ಕೆ ಬಿದ್ದ ಕೆಲಸಗಾರರನ್ನು ತೆಗೆದುಹಾಕುವ ಬದಲು ಅವರ ಚಿಕಿತ್ಸೆಗೆ ನೆರವಾದವು. ಅದೇ ಬೆಳೆದು ಇಂದಿನ ‘ನೌಕರರ ನೆರವು ಯೋಜನೆ’ ಆಯಿತು. ಹಲವು ದೊಡ್ಡ ಕಂಪನಿಗಳಲ್ಲಿ ಇದರಡಿ ಆಪ್ತಸಲಹೆ ಸಿಗುತ್ತದೆ.

ಆದ್ದರಿಂದ ಕೆಲಸಕ್ಕೆ ಸೇರುವಾಗ ಸಂಬಳದ ಜೊತೆ ಇದನ್ನೂ ಕೇಳಿ: ಆಪ್ತಸಲಹೆ ಉಂಟೇ? ಗುತ್ತಿಗೆ ಕೆಲಸಗಾರರಿಗೂ, ಮನೆಯವರಿಗೂ ಸಿಗುತ್ತದೆಯೇ? ಹೇಳಿಕೊಂಡದ್ದು ಮೇಲಧಿಕಾರಿಗೆ ತಿಳಿಯದೆ ಗುಟ್ಟಾಗಿರುತ್ತದೆಯೇ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಚಿಕಿತ್ಸೆಯ ಗೋಪ್ಯತೆಯನ್ನು ರೋಗಿಯ ಹಕ್ಕೆಂದಿದೆ. ವಿಮೆಯಲ್ಲಿ ಮನೋರೋಗವನ್ನು ದೇಹದ ಕಾಯಿಲೆಯಂತೆಯೇ ಕಾಣಬೇಕೆಂದಿದೆ.

ಕಂಪನಿಯ ನೆರವಿಲ್ಲದವರು 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್‌ಗೆ, 14416 ಸಂಖ್ಯೆಯಲ್ಲಿ, ಹಗಲಿರುಳು ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಕೂಡ ನಮಗೆ ದೂರವೇನಲ್ಲ.

ಸದಸ್ಯರು ಈ ಸಂಖ್ಯೆಯನ್ನು ದುಡಿಯಲು ಹೊರಡುವ ಪ್ರತಿಯೊಬ್ಬ ವಿದ್ಯಾರ್ಥಿಗೂ ತಿಳಿಸಬೇಕೆಂದು ಕೋರಿ ನನ್ನ ಮಾತು ಮುಗಿಸುತ್ತೇನೆ.