ಕೈಲಾಸವನ್ನು ಅದುಮಿದ ಹೆಬ್ಬೆರಳು

ಧರ್ಮದಲ್ಲಿ ಮೊದಲು ಶಾಸ್ತ್ರ, ಆಮೇಲೆ ಸಿದ್ಧಾಂತ. ಪುರಾಣಕಥೆ ಏನಿದ್ದರೂ ಅಕ್ಷರ ಬಾರದವರಿಗೆಂದು ಸವರಿದ ಬೆಲ್ಲ ಎನ್ನುವ ಪಂಡಿತರಿದ್ದಾರೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆ ಈ ಮಾತಿಗೆ ಒಪ್ಪುವುದಿಲ್ಲ. ಅಲ್ಲಿ ರಾವಣ ಕೈಲಾಸವನ್ನೇ ಎತ್ತಲು ಹೊರಟಿದ್ದಾನೆ. ಬೆಟ್ಟದ ತುಂಬ ಪದರಪದರವಾಗಿ ಪ್ರಾಣಿಗಳು, ಗಣಗಳು. ನೆತ್ತಿಯಲ್ಲಿ ಪಾರ್ವತಿಯೊಡನೆ ಶಿವ. ಶಿವ ಕಾಲಿನ ಹೆಬ್ಬೆರಳು ಊರಿದ್ದೇ ತಡ, ರಾವಣ ಬೆಟ್ಟದಡಿ ಸಿಕ್ಕಿ ಅರಚಿದ ಎಂಬುದು ನಮಗೆಲ್ಲ ಗೊತ್ತಿರುವ ಕಥೆ. ಜೈನರ ರಾಮಾಯಣ ಪರಂಪರೆಯಲ್ಲೂ ರಾವಣ ಕೈಲಾಸ ಎತ್ತುತ್ತಾನೆ, ಅಲ್ಲೂ ಹೆಬ್ಬೆರಳಿದೆ. ಆದರೆ ಅದು ಬೆಟ್ಟದ ಮೇಲೆ ತಪಸ್ಸಿಗೆ ನಿಂತ ವಾಲಿಮುನಿಯದು. ಅಲ್ಲಿ ರಾವಣನನ್ನು ಕೊಲ್ಲುವವನೂ ಲಕ್ಷ್ಮಣನೇ. ಅದೇ ಜನ್ಮದಲ್ಲಿ ಮೋಕ್ಷ ಪಡೆಯಬೇಕಾದ ರಾಮನ ಕೈಗೆ ಕೊಲೆ ಅಂಟಬಾರದಲ್ಲ! ಕವಿ ನಾಗಚಂದ್ರ ಈ ಹಾದಿಯ ರಾಮಕಥೆಯನ್ನು ಕನ್ನಡದಲ್ಲೇ ಬರೆದ. ಅಹಿಂಸೆಯ ಸಿದ್ಧಾಂತ ಕಥೆಯನ್ನು ಮನಸ್ವೀ ತಿದ್ದಿತು, ಕೈಬಿಡಲಿಲ್ಲ. ಎದುರಾಳಿಯೊಡನೆ ವಾದಕ್ಕೆ ಕೂರಲು ಅದಕ್ಕೊಂದು ಜಗಲಿ ಬೇಕಿತ್ತು. ಆ ಜಗಲಿ ಪುರಾಣ.

ರಾಮಾನುಜರ ಸಿದ್ಧಾಂತಕ್ಕೆ ಒಲಿದೇ ಅಲ್ಲವೆ ಹೊಯ್ಸಳ ಅರಸ ಬಿಟ್ಟಿದೇವ ವಿಷ್ಣುವರ್ಧನನಾಗಿ, 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು ಎಂದು ಕೇಳಬಹುದು. ಪರಂಪರೆ ಹಾಗೆನ್ನುತ್ತದೆ, ನಿಜ. ಆದರೆ ಅವನ ರಾಣಿ ಶಾಂತಲೆ ಜೈನಳಾಗಿಯೇ ಉಳಿದಳು. ಬೇಲೂರಿನ ಕಪ್ಪೆ ಚೆನ್ನಿಗರಾಯನ ಗುಡಿಯೂ 1123ರ ಶ್ರವಣಬೆಳಗೊಳದ ಸವತಿಗಂಧವಾರಣ ಬಸದಿಯೂ ಅವಳವೇ. 1133ರಲ್ಲಿ ದಂಡನಾಯಕ ಗಂಗರಾಜನ ನೆನಪಿಗೆ ಮಗ ಬೊಪ್ಪ ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಅಲ್ಲಿನ ಪ್ರಸಾದ ತಲುಪುವ ಹೊತ್ತಿಗೆ ವಿಷ್ಣುವರ್ಧನ ಯುದ್ಧ ಗೆದ್ದಿದ್ದ, ಮಗನೂ ಹುಟ್ಟಿದ್ದ. ಸಂತೋಷದಿಂದ ಅವನೇ ಆ ದೇವರಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟನೆನ್ನುತ್ತದೆ ಶಾಸನ. ಅರಸೀಕೆರೆಯಲ್ಲೂ ಅಷ್ಟೇ: ಶಿವಾಲಯ, ರೇಚರಸನ ಸಹಸ್ರಕೂಟ ಬಸದಿ, ಎರಡೂ 13ನೇ ಶತಮಾನದವು. ಸಿದ್ಧಾಂತವೇ ಕೊನೆಯ ಮಾತಾಗಿದ್ದರೆ ಇಷ್ಟೆಲ್ಲ ಒಂದೇ ನಾಡಿನಲ್ಲಿ ಏಳುತ್ತಿರಲಿಲ್ಲ.

ಇದೆಲ್ಲ ರಾಜಕೀಯ ಎನ್ನುವವರಿಗೆ ನನ್ನ ತಕರಾರಿಲ್ಲ. ಅರಸನಿಗೆ ಎಲ್ಲ ಪ್ರಜೆಗಳೂ ಬೇಕು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಅಬ್ಬಲೂರಿನದು. ಅದೇ 12ನೇ ಶತಮಾನದಲ್ಲಿ ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಂಥ ಕಟ್ಟಿ, ತಲೆ ಕತ್ತರಿಸಿಕೊಂಡು ಮತ್ತೆ ಪಡೆದು, ಜಿನನ ಮೂರ್ತಿ ಒಡೆದ ಕಥೆ ಅಲ್ಲಿನ ಗುಡಿಯ ಗೋಡೆಯ ಮೇಲೇ ಕೆತ್ತಿದೆ. ಹೌದು, ಜಗಲಿಯ ಮೇಲೆ ಕೈಮಿಲಾಯಿಸಿದ್ದೂ ಉಂಟು. ಆದರೆ ಗೆದ್ದವರು ತಮ್ಮ ಗೆಲುವನ್ನು ಉಳಿಸಿಕೊಂಡದ್ದು ಯಾವುದರಿಂದ? ತರ್ಕದ ಸೂತ್ರಗಳಿಂದಲ್ಲ, ಇನ್ನೊಂದು ಪವಾಡದ ಕಥೆಯಿಂದ.

ಹೊಯ್ಸಳೇಶ್ವರನಿಂದ ಪಕ್ಕದ ಬಸ್ತಿಹಳ್ಳಿಯ ವಿಜಯಪಾರ್ಶ್ವನಲ್ಲಿಗೆ ನಡೆದೇ ಹೋಗಬಹುದು. ಮುಂದಿನ ಸಲ ಹಳೇಬೀಡಿಗೆ ಹೋದಾಗ ಒಂದನ್ನಷ್ಟೇ ನೋಡಿ ಬಸ್ಸು ಹತ್ತಬೇಡಿ.